ಆ ‘ವೂಂ… ವೂಂ’ ಭ್ರಮೆಯಲ್ಲ

ಕೊಡಗಿನ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: “ಹೂಮಳೆ ಕೈಕೊಟ್ಟಿತು. ಕೆರೆ ಬದಿಯಲ್ಲಿ ಎರಡು ಡೀಸೆಲ್ ಪಂಪ್ ಇಟ್ಟು ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದೇನೆ. ಎರಡೂ ಓಡುವಾಗ ‘ವೂಂ… ವೂಂ’ ಎಂದು ಸದ್ದು ಏರಿ ಇಳಿಯುತ್ತದೆ. ಒಂದನ್ನು ನಿಲ್ಲಿಸಿದರೆ ಇಲ್ಲ. ಮಗ ಸದ್ದಿನಲ್ಲಿರುವ ಒಂದೊಂದು ಸ್ವರವನ್ನೂ ಒಂದೊಂದು ಗೆರೆಯಾಗಿ ಬಿಡಿಸುವ ಮೊಬೈಲಿನ ಆ್ಯಪ್ ತೋರಿಸಿ, ‘ಇಂಜಿನ್ನುಗಳ ಗೆರೆ ಬಿಟ್ಟರೆ ಬೇರೇನೂ ಇಲ್ಲ ಅಪ್ಪ, ಅದು ನಿಮ್ಮ ಭ್ರಮೆ’ ಅಂದ. ವಯಸ್ಸಾಯಿತು, ಕಿವಿ ಮೋಸ ಮಾಡುತ್ತಿದೆಯೇ?”

ಪ್ರಿಯರೇ, ಮಗನ ಲೆಕ್ಕ ತಪ್ಪಲ್ಲ. ಸೆಕೆಂಡಿಗೆ 200 ಸಲ ಕಂಪಿಸುವ ಸ್ವರಕ್ಕೆ 203ರ ಸ್ವರ ಕೂಡಿಸಿದರೆ ಆ್ಯಪಿನಲ್ಲಿ ಆ ಎರಡೇ ಗೆರೆ ಕಾಣುತ್ತವೆ, 3ರ ಗೆರೆ ಇರುವುದಿಲ್ಲ. ಆದರೆ ಭ್ರಮೆ ಎಂದದ್ದು ಅವಸರವಾಯಿತು. ಎರಡು ಅಲೆಗಳು ಒಮ್ಮೆ ಜೊತೆಗೂಡಿ, ಒಮ್ಮೆ ಎದುರುಬದುರಾಗಿ, ಸದ್ದು ಸೆಕೆಂಡಿಗೆ 3 ಸಲ ಉಬ್ಬಿ ಇಳಿಯುವುದು ಗಾಳಿಯಲ್ಲೇ ನಡೆಯುತ್ತದೆ.

ಅದನ್ನು ನರ ಹಿಡಿಯುವ ಬಗೆಯಂತೂ ಬಲು ಸೊಗಸು. ನಿಮ್ಮ ಪಂಪಿನ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಒಳಗಿವಿಯ ರೋಮಕೋಶವೂ ಹೆಚ್ಚುಕಡಿಮೆ ಹಾಗೆಯೇ. ರೋಮ ಒಂದು ಕಡೆ ಬಾಗಿದರೆ ವಿದ್ಯುತ್ತಿಗೆ ದಾರಿ ತೆರೆಯುತ್ತದೆ, ಇನ್ನೊಂದು ಕಡೆ ಬಾಗಿದರೆ ಮುಚ್ಚುತ್ತದೆ. ಸದ್ದು ಉಬ್ಬಿದಾಗ ನರದ ಮಿಡಿತ ದಟ್ಟ, ಇಳಿದಾಗ ವಿರಳ. ಆ ಮಿಡಿತಗಳನ್ನೇ ಅದೇ ಆ್ಯಪಿಗೆ ಉಣಿಸಿದರೆ 3ರ ಗೆರೆ ಎದ್ದು ನಿಲ್ಲುತ್ತದೆ! ಕಿವಿ ಬರೀ ಮೈಕ್ ಅಲ್ಲ ಎಂದು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ.

ದಕ್ಷಿಣ ಅಮೆರಿಕದ ನದಿಗಳಲ್ಲಿ ಐಗನ್‌ಮಾನಿಯಾ ಎಂಬ ಮೀನಿದೆ. ಸೆಕೆಂಡಿಗೆ ನೂರಾರು ಸಲ ಸಣ್ಣ ವಿದ್ಯುತ್ ಮಿಡಿತ ಹೊರಡಿಸುತ್ತಾ ಕತ್ತಲೆಯಲ್ಲಿ ದಾರಿ ಹುಡುಕುತ್ತದೆ. (ನಮ್ಮ ಕಾವೇರಿಯ ಮಾಶೀರ್‌ಗೆ ಈ ವಿದ್ಯೆಯಿಲ್ಲ.) ನೆರೆಯ ಮೀನಿನ ಮಿಡಿತ ತನ್ನದಕ್ಕೆ ತೀರಾ ಸಮೀಪ ಬಂದರೆ ಇದೇ ‘ವೂಂ ವೂಂ’ ಅದರ ಚರ್ಮಕ್ಕೆ ತಟ್ಟುತ್ತದೆ. ಅಲ್ಲಿ ವಿದ್ಯುತ್ತನ್ನು ಗ್ರಹಿಸುವ ಪುಟ್ಟ ಅಂಗಗಳಲ್ಲಿ ಕೆಲವು ಬಲದ ಏರಿಳಿತ ಹೇಳಿದರೆ, ಇನ್ನು ಕೆಲವು ಪ್ರತಿ ಅಲೆಯ ಹೊತ್ತು ಹೇಳುತ್ತವೆ. ಎರಡನ್ನೂ ತಾಳೆ ನೋಡಿ ಮೀನು ತನ್ನ ಮಿಡಿತವನ್ನು ದೂರ ಸರಿಸಿಕೊಳ್ಳುತ್ತದೆ. ಹೀಗೆ ಸರಿಸಿಕೊಳ್ಳುವುದನ್ನು 1963ರಲ್ಲಿ ವರದಿ ಮಾಡಿದವರು ಜಪಾನಿನ ವತನಾಬೆ ಮತ್ತು ತಾಕೆದಾ.

ಚಿಕ್ಕಂದಿನಲ್ಲಿ ನನ್ನ ಸಂಗೀತದ ಮೇಷ್ಟ್ರು ತಂಬೂರಿಯ ನಡುವಿನ ಎರಡು ಷಡ್ಜದ ತಂತಿಗಳನ್ನು ಕೂಡಿಸುವಾಗ ಕಣ್ಣು ಮುಚ್ಚುತ್ತಿದ್ದರು. ಬೆರಳು ಮಣಿಯನ್ನು ಕೂದಲೆಳೆಯಷ್ಟು ಜರುಗಿಸುತ್ತಿತ್ತು. ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಮಾಯ. ಅದೇ ವರ್ಷ ಶಾಲೆಯಲ್ಲಿ ‘ಬೀಟ್ಸ್’ (ಈ ಏರಿಳಿತಕ್ಕೆ ಪುಸ್ತಕದ ಹೆಸರು) ಪಾಠ ಆಯಿತು. ಬೋರ್ಡಿನ ಮೇಲೆ ಒಂದು ಕಳೆಯುವ ಲೆಕ್ಕ, ಅಷ್ಟೇ. ಟ್ಯೂನಿಂಗ್ ಫೋರ್ಕುಗಳು ಬೀಗ ಹಾಕಿದ ಅಲ್ಮೇರಾದ ಗಾಜಿನ ಹಿಂದೆಯೇ ಉಳಿದವು. ಕೇಳಿಸಿಕೊಳ್ಳದೆ ಕಲಿತ ಮಕ್ಕಳು ದೊಡ್ಡವರಾಗಿ ಹೆತ್ತವರ ಕಿವಿಗಿಂತ ಫೋನನ್ನು ನಂಬಿದರೆ ತಪ್ಪು ಯಾರದು? ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನುವ ಮೆಕ್ಯಾನಿಕ್‌ಗಳು ನಮ್ಮಲ್ಲಿದ್ದಾರೆ. ಅವರ ವಿದ್ಯೆಗೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ.

ನಿಮ್ಮ ಮೇಲೂ ಕೊಂಚ ಮುನಿಸಿದೆ. ಅಷ್ಟು ಚೆನ್ನಾಗಿ ಗಮನಿಸಿದವರು ಮಗ ಒಂದು ಮಾತಂದ ಕೂಡಲೇ ವಯಸ್ಸನ್ನೇಕೆ ದೂರಿದಿರಿ?

ನಾಳೆ ರಾತ್ರಿ ಇಬ್ಬರೂ ಕೆರೆಗೆ ಹೋಗಿ. ಒಂದು ಇಂಜಿನ್ನಿನ ಥ್ರಾಟಲ್ ಮಗನ ಕೈಯಲ್ಲಿರಲಿ. ನೀವು ಎರಡರ ಸದ್ದೂ ಸಮ ಕೇಳುವ ಜಾಗದಲ್ಲಿ ನಿಂತು, ‘ಇನ್ನೊಂಚೂರು, ಇನ್ನೊಂಚೂರು’ ಅನ್ನಿ. ಒಂದು ‘ವೂಂ’ಗೆ ಹತ್ತು ಸೆಕೆಂಡು ಹಿಡಿದಾಗ ಆ ಎರಡು ಸ್ವರಗಳ ಅಂತರ ಸೆಕೆಂಡಿಗೆ ಒಂದು ಕಂಪನದ ಹತ್ತನೇ ಒಂದು ಪಾಲು. ಅಷ್ಟು ಹತ್ತಿರದ ಎರಡು ಗೆರೆಗಳನ್ನು ಆ್ಯಪ್ ಬಿಡಿಸಿ ತೋರಿಸುತ್ತದೆಯೇ ಎಂದು ಆಗ ಮಗನನ್ನು ಕೇಳಿ. ಏನಾಯಿತೆಂದು ಬರೆಯಿರಿ.

— ಸಂಪಾದಕ