ಓದುಗರನ್ನು ಸುದ್ದಿಯ ಕೆಲಸಕ್ಕೇ ಸೇರಿಸಿಕೊಳ್ಳುವ ಬಗೆ

ಆನ್‌ಲೈನ್ ಮಾಧ್ಯಮ ಸಂಸ್ಥೆಗಳು ತಮ್ಮ ಓದುಗ ಸಮುದಾಯದೊಂದಿಗೆ ಹೇಗೆ ಒಡನಾಡುತ್ತವೆ ಎಂಬ ಪ್ರಶ್ನೆಗೆ ನನಗೆ ಮೊದಲು ನೆನಪಾಗುವುದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಪ್ರಯೋಗ.

2009ರ ಜೂನ್‌ನಲ್ಲಿ ಅಲ್ಲಿನ ಸಂಸತ್ತು ತನ್ನ ಸದಸ್ಯರ ಖರ್ಚುವೆಚ್ಚದ ದಾಖಲೆಗಳನ್ನು ಬಹಿರಂಗಪಡಿಸಿದಾಗ, ಸುಮಾರು ನಾಲ್ಕೂವರೆ ಲಕ್ಷ ಪುಟಗಳ ಆ ರಾಶಿಯನ್ನು ಕೆಲವೇ ವರದಿಗಾರರು ಓದಿ ಮುಗಿಸುವುದು ಆಗದ ಮಾತಾಗಿತ್ತು. ಪತ್ರಿಕೆ ಅದನ್ನು ತನ್ನ ಜಾಲತಾಣದಲ್ಲಿ ಓದುಗರ ಮುಂದೆಯೇ ಇಟ್ಟಿತು. ತೆರೆಯ ಮೇಲೆ ಒಂದು ರಸೀದಿಯೋ, ಕೆಲವು ವಿವರ ಮರೆಮಾಡಲು ಅಲ್ಲಲ್ಲಿ ಕಪ್ಪು ಬಳಿದ ವೆಚ್ಚದ ಅರ್ಜಿಯೋ ಕಾಣುತ್ತಿತ್ತು. ಅದನ್ನು ಓದಿದವರು ಅದು ಗಮನಾರ್ಹವೇ, ಅಲ್ಲವೇ, ಈಗಾಗಲೇ ಗೊತ್ತಿರುವುದೇ ಅಥವಾ ತನಿಖೆಗೆ ಯೋಗ್ಯವೇ ಎಂದು ಒಂದು ಗುಂಡಿ ಒತ್ತಿ ತಿಳಿಸಬೇಕಿತ್ತು. ಮೊದಲ 80 ಗಂಟೆಗಳಲ್ಲಿ 20,000ಕ್ಕೂ ಹೆಚ್ಚು ಮಂದಿ ಸುಮಾರು 1,70,000 ಪುಟಗಳನ್ನು ಪರಿಶೀಲಿಸಿದರು. ಪ್ರತಿಯೊಬ್ಬರ ಪಾಲಿನ ಕೆಲಸ ಚಿಕ್ಕದಾಗಿತ್ತು, ಎಷ್ಟು ಮುಗಿದಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು, ಮತ್ತು ಪುಟದಲ್ಲಿ ಸಂಸದರ ಭಾವಚಿತ್ರ ಸೇರಿಸಿದ ಮೇಲೆ ಜನರ ಉತ್ಸಾಹ ಇನ್ನಷ್ಟು ಹೆಚ್ಚಿತು.

ನೆದರ್ಲೆಂಡ್ಸ್‌ನಲ್ಲಿ 2013ರಲ್ಲಿ ಓದುಗರು ಮುಂಚಿತವಾಗಿ ಕೊಟ್ಟ ಹಣದಿಂದ ಆರಂಭವಾದ ಡೆ ಕರೆಸ್ಪಾಂಡೆಂಟ್ ಎಂಬ ಸುದ್ದಿ ಜಾಲತಾಣ ಇದಕ್ಕಿಂತ ಆಳಕ್ಕೆ ಇಳಿಯಿತು ಎಂಬುದು ನನ್ನ ಅಭಿಪ್ರಾಯ. ಅದರ ವರದಿಗಾರರು ಬರೆದು ಮುಗಿಸಿದ ಮೇಲೆ ಪ್ರತಿಕ್ರಿಯೆ ಬೇಡುವುದಕ್ಕಿಂತ, ಬರೆಯುವ ಮುನ್ನವೇ ತಾವು ಏನನ್ನು ಹುಡುಕುತ್ತಿದ್ದೇವೆಂದು ಹೇಳಿ, ಆ ವಿಷಯ ಬಲ್ಲ ದಾದಿಯರನ್ನೋ ಶಿಕ್ಷಕರನ್ನೋ ಕೇಳುತ್ತಾರೆ. ಹೀಗೆ ಕೇಳಿದವರು ಸಿಕ್ಕ ಉತ್ತರವನ್ನು ವರದಿಯಲ್ಲಿ ಹೇಗೆ ಬಳಸಿದೆವೆಂದು ಮರಳಿ ತಿಳಿಸಲೇಬೇಕು. ಇಲ್ಲವಾದರೆ ಎರಡನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ.