ಬೆಂಗಳೂರಿನಿಂದ ಕೊಯಮತ್ತೂರಿಗೆ ಸಂಸಾರ ಸಮೇತ ಹೋಗುವುದಾದರೆ ಎಲ್ಲಿಂದ ಶುರು ಮಾಡಬೇಕು?

ನೀವು ಬರೆದಿರುವುದು ಇಷ್ಟು: ಬೆಂಗಳೂರಿನ ಟ್ರಾಫಿಕ್ಕು, ನೀರಿನ ಟ್ಯಾಂಕರ್ ಸಾಕಾಗಿದೆ, ಕೆಲಸ ಮನೆಯಿಂದಲೇ, ಮಗ 8ನೇ ತರಗತಿ, ಮಗಳು 4ನೇ ತರಗತಿ, ಅಪ್ಪ ಅಮ್ಮ ಜೊತೆಗಿದ್ದಾರೆ, ಕಾರಿನ ಮೇಲೆ ಸಾಲ ಇದೆ, ಕೊಯಮತ್ತೂರಿಗೆ ಹೋಗಿ ನೆಲೆಸಬೇಕು. "ಮಗನ 12ನೇ ತರಗತಿ ಮುಗಿಯೋವರೆಗೆ ಕಾಯೋದಾ?" ಅಂತ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡಿ. ಮನೆ, ಹವೆ, ಬಾಡಿಗೆ ಎಲ್ಲ ಆಮೇಲೆ.

ಕಾಯಬೇಡಿ. ಯಾಕೆ ಅಂದರೆ ಲೆಕ್ಕ ಹೀಗಿದೆ.

ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಸಿಗಬೇಕಾದರೆ ಸಾಮಾನ್ಯ ನಿಯಮ ಏನು? 1ನೇ ತರಗತಿಯಿಂದ 2ನೇ ಪಿಯುಸಿಯೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ 2ನೇ ಪಿಯುಸಿ, ಎರಡರಲ್ಲಿ ಒಂದನ್ನು ಇಲ್ಲೇ ಪಾಸು ಮಾಡಿರಬೇಕು. ಬಹಳ ಜನ 7 ವರ್ಷ ಮಾತ್ರ ಎಣಿಸಿ ಸುಮ್ಮನಾಗುತ್ತಾರೆ, ಎರಡನೇ ಅರ್ಧ ಮರೆಯುತ್ತಾರೆ. ತಮಿಳುನಾಡಿನಲ್ಲಿ ಹೊರ ರಾಜ್ಯದಿಂದ ಬಂದವರಿಗೆ ಇಂಜಿನಿಯರಿಂಗ್ ಕೌನ್ಸೆಲಿಂಗ್‌ಗೆ 8ರಿಂದ 12, ಮೆಡಿಕಲ್‌ಗೆ 6ರಿಂದ 12ನೇ ತರಗತಿ ಅಲ್ಲೇ ಓದಿರಬೇಕು.

ಈಗ ನಿಮ್ಮ ಮಕ್ಕಳನ್ನು ಇದಕ್ಕೆ ಹಚ್ಚಿ ನೋಡಿ. ಈ ವರ್ಷ ಮುಗಿಸಿ ಹೊರಟರೆ ಮಗ 9ಕ್ಕೆ ಅಲ್ಲಿ ಸೇರುತ್ತಾನೆ. 12ರವರೆಗೂ ಅಲ್ಲೇ ಓದಿದರೆ ಕರ್ನಾಟಕಕ್ಕೂ ಇಲ್ಲ, ತಮಿಳುನಾಡಿಗೂ ಇಲ್ಲ. ಆದರೆ ಅವನಿಗೆ ದಾರಿ ಇದೆ: 1ರಿಂದ 8ರವರೆಗೆ ಇಲ್ಲೇ ಓದಿರುವುದರಿಂದ 7 ವರ್ಷ ಆಗಲೇ ಕೈಯಲ್ಲಿದೆ, 10 ಮುಗಿಸಿ ಪಿಯುಸಿಗೆ ಮೈಸೂರಿಗೋ ಬೆಂಗಳೂರಿಗೋ ಹಾಸ್ಟೆಲ್‌ಗೆ ಬಂದು 2ನೇ ಪಿಯುಸಿ ಇಲ್ಲಿ ಪಾಸಾದರೆ ಸಿಇಟಿಗೆ ಅರ್ಹ. ಮಗಳು 5ಕ್ಕೆ ಅಲ್ಲಿ ಸೇರಿದರೆ 6ರಿಂದ 12 ಪೂರ್ತಿ ತಮಿಳುನಾಡು, ಅವಳಿಗೆ ತಕರಾರೇ ಇಲ್ಲ.

ಮಗನಿಗಾಗಿ ನಾಲ್ಕು ವರ್ಷ ಕಾದಿರಿ ಅನ್ನಿ. ಆಗ ಮಗಳು 8 ಮುಗಿಸಿ 9ಕ್ಕೆ ಕೊಯಮತ್ತೂರಿಗೆ ಬರುತ್ತಾಳೆ. ಅಣ್ಣ ಬೀಳಬೇಕಿದ್ದ ಹಳ್ಳಕ್ಕೆ ತಂಗಿ ಬಿದ್ದಂತೆ. ಎರಡು ವರ್ಷ ಕಾದರೂ ಅವಳು 7ಕ್ಕೆ ಸೇರುತ್ತಾಳೆ, ಇಂಜಿನಿಯರಿಂಗ್ ಉಳಿಯುತ್ತದೆ, ಮೆಡಿಕಲ್ ಹೋಗುತ್ತದೆ. ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮುಂಚೆಯೇ ಹೊರಡುವುದು ನಿಮ್ಮ ಮನೆಗೆ ಒಳ್ಳೆಯದು. ಮಗ 9ರ ನಡುವೆ ಇದ್ದಾಗಲಂತೂ ಬೇಡ. ಸಿಬಿಎಸ್‌ಇಯಲ್ಲಿ 9ನೇ ತರಗತಿಗೇ ಬೋರ್ಡ್ ನೋಂದಣಿ ಆಗಿಬಿಡುತ್ತದೆ, 10ಕ್ಕೆ ಶಾಲೆ ಬದಲಿಸಬೇಕೆಂದರೆ ಕಾರಣ, ದಾಖಲೆ ಕೊಟ್ಟು ಬೋರ್ಡ್ ಒಪ್ಪಿಗೆ ಪಡೆಯಬೇಕು.

ಇನ್ನೊಂದು ಸಂಗತಿ ಜನಕ್ಕೆ ತಿಳಿದೇ ಇರುವುದಿಲ್ಲ: ಎನ್‌ಐಟಿ ಎಂಬ ಕೇಂದ್ರದ ಇಂಜಿನಿಯರಿಂಗ್ ಕಾಲೇಜುಗಳ ಹೋಮ್ ಸ್ಟೇಟ್ ಕೋಟಾ (ಆಯಾ ರಾಜ್ಯದವರಿಗೆ ಮೀಸಲಾದ ಸೀಟು) ನೋಡುವುದು 12ನೇ ತರಗತಿ ಯಾವ ರಾಜ್ಯದಲ್ಲಿ ಪಾಸಾದಿರಿ ಅಂತ, ಊರು ಯಾವುದು ಅಂತ ಅಲ್ಲ. ಮಗ 12 ಅಲ್ಲಿ ಮುಗಿಸಿದರೆ ತಿರುಚಿರಾಪಳ್ಳಿ, ಇಲ್ಲಿ ಮುಗಿಸಿದರೆ ಸುರತ್ಕಲ್. ಜೆಇಇ (ಎನ್‌ಐಟಿ ಪ್ರವೇಶ ಪರೀಕ್ಷೆ) ಕಡೆಗೇ ಓದುವ ಹುಡುಗನಾದರೆ ಪಿಯುಸಿಗೆ ವಾಪಸ್ ಕರೆಸುವ ಅಗತ್ಯವೇ ಇಲ್ಲದಿರಬಹುದು. ಕಾಮೆಡ್‌ಕೆ (ಕರ್ನಾಟಕದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ), ನೀಟ್‌ನ 15% ಅಖಿಲ ಭಾರತ ಕೋಟಾ ಹೇಗೂ ಎಲ್ಲರಿಗೂ ತೆರೆದಿರುತ್ತವೆ. ಅರ್ಜಿ ಹಾಕುವ ವರ್ಷದ ಕೈಪಿಡಿಯಲ್ಲಿ ಅರ್ಹತೆಯ ಪುಟ ಮಾತ್ರ ಅಕ್ಷರ ಬಿಡದೆ ಓದಿ.

ಮೀಸಲಾತಿಯಲ್ಲಿರುವವರು ಇದನ್ನು ಗಮನಿಸಿ. ಜಾತಿ ಪ್ರಮಾಣಪತ್ರ ಗಡಿ ದಾಟಿದ ಮೇಲೆ ಆ ರಾಜ್ಯದ ಸವಲತ್ತಿಗೆ ನಡೆಯುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ವಿಷಯದಲ್ಲೂ ಸುಪ್ರೀಂ ಕೋರ್ಟ್ 1990ರಲ್ಲೇ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೀಗೆ ಹೇಳಿದೆ. ನಮ್ಮ 2ಎ, 3ಎ, 3ಬಿ ಅಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ಲಿಯ ಪಟ್ಟಿಯೇ ಬೇರೆ. ನಿಮ್ಮ ಮಗಳು ತಮಿಳುನಾಡು ಕೌನ್ಸೆಲಿಂಗ್‌ಗೆ ಹೋದರೆ ಸಾಮಾನ್ಯ ವರ್ಗದಲ್ಲಿ ಎಂದೇ ಲೆಕ್ಕ ಹಾಕಿ. ಆ ಸಾಮಾನ್ಯ ವರ್ಗವೂ ಚಿಕ್ಕದು, ಅಲ್ಲಿ ಮೀಸಲಾತಿ 69%. ಕೇಂದ್ರದ ಸೀಟು, ಕೆಲಸಕ್ಕೆ ಕರ್ನಾಟಕದ ಪ್ರಮಾಣಪತ್ರ ಬೇಕೇ ಬೇಕು. ಹೊರಡುವ ಮುಂಚೆ ಮಕ್ಕಳಿಬ್ಬರ ಹೆಸರಲ್ಲೂ ಮಾಡಿಸಿಟ್ಟುಕೊಳ್ಳಿ.

ಶಾಲೆ ಬದಲಿಸುವಾಗ ಟಿಸಿ ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹಳೇ ಶಾಲೆ ಯು-ಡೈಸ್ ಎಂಬ ಸರ್ಕಾರಿ ಶಾಲಾ ದಾಖಲೆ ತಂತ್ರಾಂಶದಲ್ಲಿ ಮಗುವನ್ನು 'ಡ್ರಾಪ್‌ಬಾಕ್ಸ್'ಗೆ ಬಿಡಬೇಕು, ಆಗಲೇ ಹೊಸ ಶಾಲೆ ಪೆನ್ (ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆ) ಹಾಕಿ ಎಳೆದುಕೊಳ್ಳಲು ಆಗುವುದು. ಇದನ್ನು ಮಾಡುವ ಗುಮಾಸ್ತರು ಬೇಸಿಗೆ ರಜೆಗೆ ಹೋದರೆ ಜೂನ್‌ವರೆಗೂ ಮಗು ಎರಡೂ ಕಡೆ ಇಲ್ಲ. ಟಿಸಿ ಕೈಗೆ ಬಂದ ದಿನವೇ ಕಚೇರಿಯಲ್ಲಿ ಕೂತು ಮಾಡಿಸಿ. ರಾಜ್ಯ ಪಠ್ಯಕ್ರಮವಾದರೆ ಟಿಸಿ ಮೇಲೆ ಬಿಇಒ ಮೇಲುಸಹಿಯನ್ನೂ ಹಾಕಿಸಿ, ಹೊರ ರಾಜ್ಯದ ಶಾಲೆಗಳು ಕೇಳುತ್ತವೆ.

ಭಾಷೆ ಬಗ್ಗೆ. ತಮಿಳುನಾಡಿನ 2006ರ ಕಾಯ್ದೆ ಪ್ರಕಾರ ಶಾಲೆಗಳಲ್ಲಿ ತಮಿಳು ಕಡ್ಡಾಯ, 2015-16ರಿಂದ ಸಿಬಿಎಸ್‌ಇ ಶಾಲೆಗಳಿಗೂ 1ನೇ ತರಗತಿಯಿಂದ ಒಂದೊಂದೇ ತರಗತಿಗೆ ಹತ್ತಿಸಿಕೊಂಡು ಬಂದಿದ್ದಾರೆ. ಮಗಳು ಕಲಿತುಬಿಡುತ್ತಾಳೆ. ಕನ್ನಡ ಬಂದ ಮಗುವಿಗೆ ಅಕ್ಷರ ಕಷ್ಟವಲ್ಲ, ಅಕ್ಷರ ಕಡಿಮೆ ಇರುವುದೇ ಕಷ್ಟ: ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ, ಪದದಲ್ಲಿ ಎಲ್ಲಿ ಕೂತಿದೆ ಎಂದು ನೋಡಿ 'ಕ' ಅನ್ನಬೇಕೋ 'ಗ' ಅನ್ನಬೇಕೋ ತೀರ್ಮಾನಿಸಬೇಕು. ಒತ್ತಕ್ಷರವೂ ಇಲ್ಲ, ತಲೆ ಮೇಲೆ ಚುಕ್ಕೆ. ಏಪ್ರಿಲ್, ಮೇ ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಕೂರಿಸಿದರೆ ಅಂಗಡಿ ಬೋರ್ಡು ಓದುವಷ್ಟು ಬಂದುಬಿಡುತ್ತದೆ. ಮಗನದು ಬೇರೆ ಕಥೆ. 9ಕ್ಕೆ ಬರುವ ಹುಡುಗನಿಗೆ ತಮಿಳಿನಿಂದ ವಿನಾಯಿತಿ ಹೇಗೆ, ಎರಡನೇ ಭಾಷೆ ಯಾವುದು ಕೊಡುತ್ತೀರಿ ಎಂದು ಶುಲ್ಕ ಕಟ್ಟುವ ಮುಂಚೆ ಶಾಲೆಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಸಿಬಿಎಸ್‌ಇಯಲ್ಲಿ ಕನ್ನಡ ಒಂದು ವಿಷಯವಾಗಿ ಇದೆ, ಕೊಯಮತ್ತೂರಿನ ಶಾಲೆಯಲ್ಲಿ ಮೇಷ್ಟ್ರು ಇರಬೇಕಲ್ಲ. ಈಗ ಮೂರನೇ ಭಾಷೆ ಹಿಂದಿಯೋ ಸಂಸ್ಕೃತವೋ ಆಗಿದ್ದರೆ ಅದನ್ನೇ ಗಟ್ಟಿ ಮಾಡಿಸಿ.

ಇನ್ನು ಮನೆ. ಮೊದಲ ವರ್ಷ ಬಾಡಿಗೆ, ಖರೀದಿ ಮಾತೇ ಬೇಡ. ಮನೆ ನೋಡಲು ಹೋದಾಗ ಹವೆಯನ್ನು ಹೊಗಳುತ್ತಾರೆ. ಪಾಲಕ್ಕಾಡ್ ಕಣಿವೆಯಿಂದ ಜೂನ್, ಜುಲೈನಲ್ಲಿ ಬೀಸುವ ಗಾಳಿ ನಿಜಕ್ಕೂ ಚೆನ್ನ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಬೆಂಗಳೂರಿಗಿಂತ ಬಿಸಿ, ದೊಡ್ಡ ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ. ನೀವು ಕೇಳಬೇಕಾದ್ದು ನೀರು. ಅಲ್ಲಿ 'ನಲ್ಲ ತಣ್ಣಿ' ಅಂದರೆ ಸಿರುವಾಣಿಯೋ ಪಿಲ್ಲೂರೋ ಯೋಜನೆಯ ಕುಡಿಯುವ ನೀರು, 'ಉಪ್ಪು ತಣ್ಣಿ' ಅಂದರೆ ಬೋರ್‌ವೆಲ್. ಯಾವ ಯೋಜನೆಯದು, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎರಡಕ್ಕೂ ಬೇರೆ ಬೇರೆ ಸಂಪು ಇದೆಯಾ, ಈ ಮೂರು ಕೇಳಿ. ಓನರ್ ಮಾತು ನಂಬದಿದ್ದರೆ ಬಚ್ಚಲಿನ ಶವರ್ ತಲೆ ತಿರುಚಿ ಬಿಚ್ಚಿ ನೋಡಿ. ತೂತುಗಳಲ್ಲಿ ಬಿಳೀ ಸುಣ್ಣ ಹರಳುಗಟ್ಟಿ ಅರ್ಧ ಮುಚ್ಚಿದ್ದರೆ ಗೀಸರ್ ಕಾಯಿಲ್, ವಾಷಿಂಗ್ ಮಷಿನ್ ಎರಡೂ ಬೇಗ ಕೈಕೊಡುತ್ತವೆ.

ಕರೆಂಟು ಬಿಲ್ ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಉಚಿತ. ಎರಡು ತಿಂಗಳಿಗೆ 500 ದಾಟಿದರೆ ಮಾತ್ರ ಕೆಳಗಿನ ಯೂನಿಟ್‌ಗಳಿಗೂ ದುಬಾರಿ ದರ ಅನ್ವಯವಾಗಿ ಬಿಲ್ ಒಮ್ಮೆಲೇ ಜಿಗಿಯುತ್ತದೆ. ಮನೆಯಲ್ಲೇ ಕೆಲಸ, ಜೊತೆಗೆ ಎಸಿ ಅಂದರೆ 500 ದಾಟುವುದು ಸುಲಭ. ಆದ್ದರಿಂದ ನಿಮ್ಮ ಪೋರ್ಷನ್‌ಗೆ ಪ್ರತ್ಯೇಕ ಮೀಟರ್ ಇರಲೇಬೇಕು. ಇನ್ನೊಂದು, ನಿರ್ವಹಣೆಗೆಂದು ತಿಂಗಳಿಗೊಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ಏರಿಯಾವಾರು ಕರೆಂಟ್ ತೆಗೆಯುವ ಪದ್ಧತಿ ಅಲ್ಲಿದೆ. ಮುಂಚೆಯೇ ಪ್ರಕಟಿಸುತ್ತಾರೆ, ಆದರೂ ಸಾಧಾರಣ ಇನ್ವರ್ಟರ್ ಏಳೆಂಟು ಗಂಟೆ ತಾಳುವುದಿಲ್ಲ. ಆ ದಿನದ ಮೀಟಿಂಗ್‌ಗಳನ್ನು ಮೊದಲೇ ಸರಿಸಿಕೊಳ್ಳಿ.

ಬಾಡಿಗೆ ಕರಾರನ್ನು 2019ರಿಂದ ಜಾರಿಯಲ್ಲಿರುವ ಬಾಡಿಗೆ ಕಾಯ್ದೆ ಪ್ರಕಾರ 90 ದಿನದೊಳಗೆ ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಬೇರೆ ಮಾತಾಗದಿದ್ದರೆ ಅಡ್ವಾನ್ಸ್ 3 ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ನೋಂದಾಯಿತ ಕರಾರು ಇದ್ದರೆ ಆಧಾರ್ ವಿಳಾಸವೂ ಸಲೀಸು: ಮೊದಲು ನಿಮ್ಮದು ಬದಲಿಸಿ, ಉಳಿದವರದನ್ನು ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ದಾರಿಯಲ್ಲಿ ಬದಲಿಸಿ. ಅಪ್ಪ ಅಮ್ಮನ ಹೆಸರಲ್ಲಿ ಕರಾರು ಬೇಕಾಗುವುದಿಲ್ಲ. ಮತದಾರರ ಪಟ್ಟಿಗೆ ಫಾರಂ 8 ಒಂದೇ ಸಾಕು.

ಕಾರು. ಕಾನೂನು ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು. ನಾನಾದರೆ ಮೊದಲ ಎಂಟು ತಿಂಗಳು ಕೆಎ ಬೋರ್ಡಲ್ಲೇ ಓಡಿಸಿ, ಊರು ಒಗ್ಗಿತು ಅನ್ನಿಸಿದ ಮೇಲೆ ಕೈ ಹಾಕಲು ಹೇಳುತ್ತೇನೆ. ಗಡಿ ದಾಟಿದ ದಿನದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ, ತಡೆದು ಕೇಳಿದರೆ ಅದೇ ಸಾಕ್ಷಿ. ಆಮೇಲಿನ ಕ್ರಮ: ಬೆಂಗಳೂರಿನ ಟ್ರಾಫಿಕ್ ದಂಡಗಳನ್ನೆಲ್ಲ ಕಟ್ಟಿ ತೀರಿಸಿ, ಸಾಲ ಕೊಟ್ಟ ಬ್ಯಾಂಕಿನಿಂದ ರಾಜ್ಯ ಬದಲಾವಣೆಗೆ ಎನ್‌ಒಸಿ ಪಡೆಯಿರಿ, ಫಾರಂ 28ರಲ್ಲಿ ಚಾಸಿಸ್ ನಂಬರನ್ನು ಪೆನ್ಸಿಲ್‌ನಲ್ಲಿ ಉಜ್ಜಿ ಅಚ್ಚು ತೆಗೆದು ಅಂಟಿಸಿ ನಿಮ್ಮ ಆರ್‌ಟಿಒಗೆ ಕೊಡಿ. ಆರ್‌ಟಿಒ ಎನ್‌ಒಸಿ ಬಂದ ಮೇಲೆ ಕೊಯಮತ್ತೂರಿನಲ್ಲಿ ಫಾರಂ 27, ವಾಹನದ ವಯಸ್ಸಿನ ಲೆಕ್ಕದಲ್ಲಿ ಅಲ್ಲಿಯ ಆಜೀವ ತೆರಿಗೆ, ಪರಿಶೀಲನೆ, ಹೊಸ ಟಿಎನ್ ನಂಬರ್. ನಂತರ ಫಾಸ್ಟ್ಯಾಗ್, ವಿಮೆ ಎರಡರಲ್ಲೂ ನಂಬರ್ ಬದಲಿಸಿ. ವಿಮೆಯ ಲೆಕ್ಕದಲ್ಲಿ ಬೆಂಗಳೂರು ಎ ವಲಯ, ಕೊಯಮತ್ತೂರು ಬಿ ವಲಯ, ಸ್ವಲ್ಪ ಕಡಿಮೆಯಾಗುತ್ತದೆ.

ಜನ ದುಡ್ಡು ಕಳೆದುಕೊಳ್ಳುವುದು ಇದಾದ ಮೇಲೆ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಅವಧಿಯ ಪಾಲು ವಾಪಸ್ ಬರುತ್ತದೆ, ಆದರೆ ತಾನಾಗಿ ಬರುವುದಿಲ್ಲ. ಹೊಸ ಆರ್‌ಸಿ, ಅಲ್ಲಿ ಕಟ್ಟಿದ ತೆರಿಗೆ ರಸೀದಿ, ಇಲ್ಲಿಯ ಹಳೇ ತೆರಿಗೆ ದಾಖಲೆ ಹಿಡಿದು ಹಳೇ ಆರ್‌ಟಿಒಗೆ ಅರ್ಜಿ ಹಾಕಬೇಕು. ಅಲ್ಲಿ ಕಟ್ಟುವುದು ಮೊದಲು, ಇಲ್ಲಿ ಸಿಗುವುದು ಆಮೇಲೆ, ಹಾಗಾಗಿ ಕೆಲವು ತಿಂಗಳು ಎರಡೂ ಕಡೆ ದುಡ್ಡು ಸಿಕ್ಕಿಕೊಂಡಿರುತ್ತದೆ. ನಿಮ್ಮ ಕಂಪನಿಗೆ ನಾಲ್ಕು ರಾಜ್ಯಗಳಲ್ಲಿ ಕಚೇರಿ ಇದ್ದರೆ ಕೇಂದ್ರದ ನಿಯಮದಲ್ಲಿ ಬಿಎಚ್ ಸರಣಿಗೂ (ರಾಜ್ಯ ಬದಲಿಸಿದರೂ ಬದಲಾಗದ ನಂಬರ್) ಅವಕಾಶ ಇದೆ, ಆದರೆ ಮತ್ತೆ ಊರು ಬಿಡುವ ಯೋಚನೆ ಇಲ್ಲದವರಿಗೆ ಅದರಿಂದ ಲಾಭ ಕಾಣೆ.

ಅಪ್ಪ ಅಮ್ಮನಿಗೆ ಬರುತ್ತಿರುವುದು ರಾಜ್ಯದ ಸಂಧ್ಯಾ ಸುರಕ್ಷಾ ಥರದ್ದಾದರೆ ಅದು ಜೊತೆಗೆ ಬರುವುದಿಲ್ಲ, ಗೃಹಲಕ್ಷ್ಮಿಯೂ ಅಷ್ಟೆ. ನೌಕರಿ ಪಿಂಚಣಿಗೆ ತೊಂದರೆಯಿಲ್ಲ. ಅಲ್ಲಿ ಆಸ್ಪತ್ರೆಗಳು ಒಳ್ಳೆಯವು, ಆದರೆ ಆರೋಗ್ಯ ವಿಮೆಯ ನಗದುರಹಿತ ಪಟ್ಟಿಯಲ್ಲಿ ಮನೆ ಹತ್ತಿರದ್ದು ಇದೆಯಾ ಎಂದು ಮನೆ ಒಪ್ಪಿಕೊಳ್ಳುವ ಮುಂಚೆ ನೋಡಿ. ಮಾತಿಗೆ ತೀರಾ ಒಂಟಿಯಾಗುವುದಿಲ್ಲ. ದೇವಾಂಗರು, ಒಕ್ಕಲಿಗ ಗೌಂಡರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾರೆ. ಅರ್ಧ ತಮಿಳು ಬೆರೆತ ಆ ಕನ್ನಡ ಕೇಳಿ ನಿಮ್ಮಮ್ಮ ಮೊದಲು ನಗಬಹುದು, ವಾರದಲ್ಲಿ ಒಗ್ಗಿಹೋಗುತ್ತದೆ.

ಸಾಮಾನು ಸಾಗಣೆ. ದಾರಿ ಹೊಸೂರು, ಸೇಲಂ ಮೇಲೆ ಸುಮಾರು 360 ಕಿಲೋಮೀಟರ್, ರಾತ್ರಿ ಹೊರಟರೆ ಬೆಳಗ್ಗೆ ಇಳಿಸಬಹುದು. ಎರಡು ಬೆಡ್‌ರೂಮಿಗೆ 14 ಅಡಿ ಲಾರಿ, ಮೂರಕ್ಕೆ 17 ಅಡಿ, ನಿಮ್ಮ ಸಾಮಾನೊಂದೇ ಇರಬೇಕು. ಬೇರೆಯವರದರ ಜೊತೆ ಹಾಕಿದರೆ ದಾರಿಯಲ್ಲಿ ಗೋದಾಮಿನಲ್ಲಿ ಇಳಿಸಿ ಹತ್ತಿಸುತ್ತಾರೆ, ಮುರಿಯುವುದು ಅಲ್ಲೇ. ಫೋನಲ್ಲೇ ದರ ಹೇಳುವವರು ಬೇಡ, ಮನೆಗೆ ಬಂದು ನೋಡಿ ಪಟ್ಟಿ ಬರೆಯಲಿ. ಪಟ್ಟಿ, ಲಾರಿ ರಸೀದಿ ಎರಡರಲ್ಲೂ ಪೂರ್ತಿ ಮೊತ್ತ ಇರಲಿ. ಕಡಿಮೆ ದರ ಹೇಳಿ, ಲಾರಿ ತುಂಬಿದ ಮೇಲೆ ಹೆಚ್ಚು ಕೇಳಿ ಸಾಮಾನು ತಡೆಹಿಡಿಯುವುದು ಈ ಧಂದೆಯ ಹಳೇ ಆಟ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ಅದಕ್ಕೆಂದು ದುಡ್ಡು ಕೇಳಿದರೆ ಕೊಡಬೇಡಿ. ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಬೇಡಿ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಠೇವಣಿ, ವರ್ಗಾವಣೆ ವೋಚರ್ ಪಡೆದು ಅಲ್ಲಿ ಹೊಸದಾಗಿ ತೆಗೆದುಕೊಳ್ಳಿ.

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಒರೆಸಿ, ನಿಲ್ಲಿಸಿಯೇ ಸಾಗಿಸಿ, ಇಳಿಸಿ ನಾಲ್ಕೈದು ಗಂಟೆ ಬಿಟ್ಟು ಆನ್ ಮಾಡಿ, ಇಲ್ಲದಿದ್ದರೆ ಎಣ್ಣೆ ಕಂಪ್ರೆಸರ್‌ಗೆ ಇಳಿಯುವ ಮುಂಚೆಯೇ ಅದು ಓಡತೊಡಗುತ್ತದೆ. ಫ್ರಂಟ್‌ಲೋಡ್ ವಾಷಿಂಗ್ ಮಷಿನ್ ಇದ್ದರೆ ಹೊಸದಾಗಿ ತಂದಾಗ ಹಿಂಬದಿಯಿಂದ ಬಿಚ್ಚಿದ್ದ ಉದ್ದನೆಯ ಬೋಲ್ಟುಗಳನ್ನು ಇವತ್ತೇ ಹುಡುಕಿಡಿ. ಅವನ್ನು ಹಾಕದೆ ಲಾರಿಗೆ ಏರಿಸಿದರೆ ಡ್ರಮ್ ದಾರಿಯುದ್ದಕ್ಕೂ ತೂಗಾಡಿ ಬೇರಿಂಗ್ ಹಾಳಾಗಿರುತ್ತದೆ. ತಲುಪಿದ ಮೇಲೆ ಬಿಚ್ಚಲು ಮರೆತು ಹಾಗೇ ಓಡಿಸುವವರೂ ಇದ್ದಾರೆ, ಆಗ ಮಷಿನ್ ಬಚ್ಚಲಿನಿಂದ ಹಾಲ್‌ಗೆ ನಡೆದುಕೊಂಡು ಬರುತ್ತದೆ.