ಫಂಗಸ್ ಕ್ರೀಮ್ ಹಚ್ಚಿದರೂ ಬಿಳಿಸೆರಗಿನ ವಾಸನೆ ಹೋಗುತ್ತಿಲ್ಲ: ಪ್ರತಿಕ್ರಿಯೆ

ಎರಡು ಸಲ ಫಂಗಸ್ ಕ್ರೀಮ್ ಹಚ್ಚಿದರೂ ತೆಳ್ಳನೆಯ ಸ್ರಾವ, ಮೀನಿನಂಥ ವಾಸನೆ ಹೋಗಿಲ್ಲ ಅಂದಿದ್ದೀರಿ. ಅದು ಬಹುಶಃ ಫಂಗಸ್ಸೇ ಅಲ್ಲ, ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು). ಫಂಗಸ್ ಆದರೆ ತುರಿಕೆ ಜೋರು, ಸ್ರಾವ ಒಡೆದ ಹಾಲಿನಂತೆ ಗಟ್ಟಿ, ವಾಸನೆ ಅಷ್ಟಿರುವುದಿಲ್ಲ. (ಇದೇ ಗೊಂದಲದಲ್ಲಿ ನನ್ನ ಎರಡು ತಿಂಗಳು ಹಾಳಾಯಿತು.) ಟ್ರೈಕೊಮೊನಾಸ್ (ಲೈಂಗಿಕ ಸಂಪರ್ಕದಿಂದ ಹರಡುವ ಪರಾವಲಂಬಿ ಜೀವಿ) ಸೋಂಕೂ ಹೀಗೇ ಕಾಣಬಹುದು, ಹಾಗಾಗಿ ಪರೀಕ್ಷೆಯಿಲ್ಲದೆ ಖಚಿತವಿಲ್ಲ.

ಮೊದಲು ಕ್ರೀಮ್ ನಿಲ್ಲಿಸಿ. ಒಳಗೆ ಸೋಪು ಹಾಕಿ ತೊಳೆಯುವುದನ್ನೂ ಬಿಡಿ. ಹಾಗೆ ತೊಳೆದರೆ ಯೋನಿಯನ್ನು ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ಹೋಗುತ್ತವೆ. ಆಮೇಲೆ ಸ್ತ್ರೀರೋಗ ತಜ್ಞರ ಬಳಿ ಸ್ವಾಬ್ (ಹತ್ತಿಕಡ್ಡಿಯಲ್ಲಿ ಸ್ರಾವದ ಮಾದರಿ ತೆಗೆಯುವುದು), ಪಿಎಚ್ (ಆಮ್ಲೀಯತೆಯ ಅಳತೆ) ಪರೀಕ್ಷೆ ಕೇಳಿ, ಪಿಎಚ್ 4.5 ದಾಟಿದ್ದರೆ ಫಂಗಸ್ ಸಾಧ್ಯತೆ ಕಡಿಮೆ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ಟರೆ ಸಾಮಾನ್ಯವಾಗಿ 7 ದಿನ. ವಾಸನೆ ಬೇಗ ಹೋದರೂ ಕೋರ್ಸ್ ಮುಗಿಸಿ. ಕಿಬ್ಬೊಟ್ಟೆ ನೋವು, ಜ್ವರ ಬಂದರೆ ಮಾತ್ರ ಕಾಯಬೇಡಿ, ಅಂದೇ ಹೋಗಿ; ಸೋಂಕು ಅಂಡನಾಳಕ್ಕೆ ಏರಿರಬಹುದು.